ದೊಡ್ಡಮ್ಮ ಬಡಿದು ನೋಡಿದ ಹಂಚು

27 ಡಿಸೆಂಬರ್ 2025, ಶನಿವಾರ
ಮಂಗಳೂರು

ಕಾಲು ಸೋತಿದೆ. ಆದರೂ ಬರೆಯದೆ ಮಲಗಲು ಮನಸ್ಸಿಲ್ಲ.

ಬೆಂಗಳೂರಿನಿಂದ ತಂಗಿಯ ಮಕ್ಕಳು ಬಂದಿದ್ದಾರಲ್ಲ, ಅವರಿಗೆ ಊರಿನ ಹಳೆಯ ಕಟ್ಟಡಗಳನ್ನು ತೋರಿಸೋಣ ಎಂದು ಹೊರಟೆವು. ದೊಡ್ಡಮ್ಮನೂ ಸೀರೆ ಬದಲಿಸಿ ಬಂದು ಆಟೋದಲ್ಲಿ ಕೂತರು.

ಮೊದಲು ಅಲೋಶಿಯಸ್ ಕಾಲೇಜಿನ ಚಾಪೆಲ್. ಎಷ್ಟು ಸಲ ನೋಡಿದರೂ ಅಲ್ಲಿ ಮಾತು ನಿಲ್ಲುತ್ತದೆ. ಇಟಲಿಯಿಂದ ಬಂದ ಬ್ರದರ್ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಬಿಡಿಸಿದ ಚಿತ್ರಗಳು. ಗೋಡೆಯ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು, ಒಣಗಿದರೆ ಮುಗಿಯಿತು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ದೊಡ್ಡಮ್ಮ ತಲೆ ಎತ್ತಿ ತುಂಬಾ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಪಾಪ, ಆ ಬ್ರದರಿಗೆ ಕುತ್ತಿಗೆ ಎಷ್ಟು ನೋವಾಗಿರಬೇಕು ಅಲ್ವಾ?"

ಅವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು ಎಂದೆ. ದೊಡ್ಡಮ್ಮ ಏನೂ ಹೇಳಲಿಲ್ಲ.

ಬಾಸೆಲ್ ಮಿಶನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನ್ನಿನ ಅಚ್ಚುಕೂಟ ಇದ್ದ ಬಲ್ಮಠಕ್ಕೆ ಬರುವಾಗ ಮಕ್ಕಳಿಗೆ ಹಸಿವು. 1843ರಲ್ಲಿ ಮಿಶನ್ನಿನ ಪಾದ್ರಿ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ್ದು, 1894ರಲ್ಲಿ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು, ಎಲ್ಲ ಅವಸರದಲ್ಲೇ ಹೇಳಿದೆ. ಗೋಳಿಬಜೆ ತಿಂದಾದ ಮೇಲೆ ದೊಡ್ಡಮ್ಮ ಕೇಳಿದರು, "ಹೊಯ್ಗೆಬಜಾರಿಗೆ ಒಮ್ಮೆ ಹೋಗುವನಾ?"

ಅವರು ಮದುವೆಗೆ ಮೊದಲು ಕೆಲಸ ಮಾಡಿದ ಹಂಚಿನ ಕಾರ್ಖಾನೆ. ಮುಚ್ಚಿ ಎಷ್ಟೋ ಕಾಲವಾಗಿದೆ. ಉದ್ದದ ಹೊಗೆಕೊಳವೆ ಇನ್ನೂ ನಿಂತಿದೆ, ಅದರ ಬಾಯಲ್ಲಿ ಅಶ್ವತ್ಥದ ಗಿಡ. ಗೇಟಿನಲ್ಲಿದ್ದ ಅಣ್ಣ ಬೇಡ ಎನ್ನುತ್ತಿದ್ದವರು ದೊಡ್ಡಮ್ಮನ ಮುಖ ನೋಡಿ ಒಳಗೆ ಬಿಟ್ಟರು.

ಒಳಗೆ ದೊಡ್ಡಮ್ಮ ಬೇರೆಯೇ ಆದರು. ಆವೆಮಣ್ಣಿನ ದೋಣಿ ನದಿಯಲ್ಲಿ ಎಲ್ಲಿ ನಿಲ್ಲುತ್ತಿತ್ತು, ಅಚ್ಚೊತ್ತಿದ ಹಸಿ ಹಂಚನ್ನು ಹಲಗೆಯಲ್ಲಿ ಹೇಗೆ ಒಣಗಿಸುತ್ತಿದ್ದರು, ಬಿಸಿ ಆರದ ಹಂಚನ್ನು ಹೆಂಗಸರು ತಲೆಯ ಮೇಲೆ ಹೇಗೆ ಹೊರುತ್ತಿದ್ದರು, ಒಂದೊಂದೇ ತೋರಿಸಿದರು. ಮೂಲೆಯ ರಾಶಿಯಿಂದ ಒಂದು ಹಂಚು ತೆಗೆದು, ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಬೆರಳ ಗೆಣ್ಣಿನಿಂದ ಬಡಿದರು.

"ಕೇಳಿತಾ? ಟಣ್ ಅಂತ ಬಂದರೆ ಸರಿ ಬೆಂದದ್ದು. ಸ್ವರ ಕುಂದಿದರೆ ಒಳಗೆ ಸೀಳು ಉಂಟು. ಕಣ್ಣಿಗೆ ಕಾಣುವುದಿಲ್ಲ ಮಗಾ, ಕಿವಿಗೇ ಗೊತ್ತಾಗಬೇಕು."

ಮಕ್ಕಳು ಆಮೇಲೆ ಸಿಕ್ಕ ಸಿಕ್ಕ ಹಂಚನ್ನೆಲ್ಲ ಬಡಿದು ನೋಡಿದರು. ಚಾಪೆಲ್‌ನಲ್ಲೂ ಅವರಿಗೆ ಇಷ್ಟು ಖುಷಿ ಆಗಿರಲಿಲ್ಲ.

ನನಗೆ ಸಿಟ್ಟು ಬಂತು, ಈಗಲೂ ಇದೆ. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನೇತ್ರಾವತಿ, ಗುರುಪುರ ನದಿಯ ದಡದಲ್ಲೆಲ್ಲ ಕಾರ್ಖಾನೆಗಳು ಎದ್ದವು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಮಿಶನ್ನಿನವರಿಂದ ಕಿತ್ತುಕೊಂಡರು, ಅದು ಕಾಮನ್‌ವೆಲ್ತ್ ಟ್ರಸ್ಟ್ ಆಯಿತು. ಈ ಊರಿನ ಹೆಸರು ಹಡಗು ಹತ್ತಿ ಹೊರದೇಶಕ್ಕೆ ಹೋದದ್ದು ಹಂಚಿನ ಜೊತೆ. ಪ್ರವಾಸಿಗಳಿಗೆ ಕೊಡುವ ಪಟ್ಟಿಯಲ್ಲಿ ಇಗರ್ಜಿ ಉಂಟು, ಬಾವುಟಗುಡ್ಡೆಯ ದೀಪಸ್ತಂಭ ಉಂಟು. ಹಂಚು ಹೊತ್ತ ಜಾಗಕ್ಕೆ ಒಂದು ಬೋರ್ಡೂ ಬೇಡವಾ? ಆ ಕಿವಿ ಇರುವವರು ಇನ್ನೆಷ್ಟು ಜನ ಉಳಿದಿದ್ದಾರೆ? ಅವರು ಹೇಳುವುದನ್ನು ಯಾರಾದರೂ ಈಗಲೇ ಕೂತು ಬರೆದುಕೊಳ್ಳಬೇಕು.

ಮನೆಗೆ ಬಂದರೆ ತಮ್ಮ ಅದೇ ಮಾತು ಎತ್ತಿದ. ಬರುವ ಮಳೆಗಾಲದ ಒಳಗೆ ಹಂಚಿನ ಮಾಡು ತೆಗೆದು ತಾರಸಿ ಹಾಕಿಸುತ್ತಾನಂತೆ. ಅವನದ್ದೂ ಸುಳ್ಳಲ್ಲ. ಮಂಗಗಳ ಕಾಟ, ಮಾಡು ಹೊರುವ ಮರದ ಪಕ್ಕಾಸಿಗೆ ಗೆದ್ದಲು, ಹಂಚು ಕೈಯಾಡಿಸುವವರು ಸಿಗುವುದಿಲ್ಲ. ಜೂನಿನಲ್ಲಿ ಸೋರುವಾಗ ಪಾತ್ರೆ ಇಡುವುದು ಅವನ ಹೆಂಡತಿ, ನಾನಲ್ಲ.

ನಮ್ಮ ಮಾಡಿನಲ್ಲಿ ಬಾಸೆಲ್ ಮಿಶನ್ ಎಂದು ಒತ್ತಿದ ಹಂಚುಗಳಿವೆ. ಕೆಳಗೆ 1865. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಮಾಡಿದ್ದಲ್ಲ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು.

ತಮ್ಮ ಮಾತಾಡುವಾಗ ದೊಡ್ಡಮ್ಮ ಅಲ್ಲೇ ಇದ್ದರು, ಆದರೆ ಒಂದು ಮಾತೂ ಆಡಲಿಲ್ಲ. ನಾಳೆ ಅವರನ್ನು ಕೇಳಬೇಕು. ಚಾವಡಿಯ ಮೇಲಿನದ್ದನ್ನಾದರೂ ಉಳಿಸಬಹುದಾ, ಪಕ್ಕಾಸು ಮಾತ್ರ ಹೊಸದು ಹಾಕಿ, ಹಂಚು ಕೂರಿಸುವ ರೀಪು...