ಮನೆಗೆ ಬಂದ ಅವಳಿಗಳು: ಮೂರನೇ ವಾರ

ಅಂತೂ ಕುದುರೆ ಮುಗಿಯಿತು. ಕಾಲುಗಳಿಗೇ ನಾಲ್ಕು ಸಂಜೆ ಹಿಡಿಯಿತು.

ನಾನು ನಕಲು ಮಾಡುತ್ತಿರುವುದು ವ್ಯಾಟಿಕನ್ ಮ್ಯೂಸಿಯಂನಲ್ಲಿರುವ ಒಂದು ಆಂಫೊರಾದ, ಅಂದರೆ ಎರಡು ಹಿಡಿಗಳ ಮಣ್ಣಿನ ಜಾಡಿಯ, ಹಿಂಬದಿಯ ಚಿತ್ರ. ಕ್ರಿ.ಪೂ. 540–530ರ ಸುಮಾರಿಗೆ ಅಥೆನ್ಸಿನ ಎಕ್ಸೆಕಿಯಾಸ್ ಜಾಡಿಯನ್ನೂ ಚಿತ್ರವನ್ನೂ ತಾನೇ ಮಾಡಿ ರುಜು ಹಾಕಿದ್ದಾನೆ. ಮುಂಬದಿಯಲ್ಲಿ ಟ್ರಾಯ್ ಯುದ್ಧದ ಗ್ರೀಕ್ ವೀರರಾದ ಅಕಿಲೀಸ್ ಮತ್ತು ಅಜಾಕ್ಸ್ ಕೂತು ಆಟ ಆಡುತ್ತಿದ್ದಾರೆ. ಎಲ್ಲರೂ ನೋಡುವುದು ಅದನ್ನೇ. ನನ್ನ ಮನಸ್ಸು ಹೋಗಿದ್ದು ಹಿಂಬದಿಗೆ. ಅಲ್ಲಿ ಗ್ರೀಕ್ ಪುರಾಣದ ಅವಳಿ ಸೋದರರಾದ ಕ್ಯಾಸ್ಟರ್ ಮತ್ತು ಪಾಲಿಡ್ಯೂಸೀಸ್ ಮನೆಗೆ ಬಂದಿದ್ದಾರೆ. ರೋಮನ್ನರ ಬಾಯಲ್ಲಿ ಪೊಲಕ್ಸ್ ಆದವನು ಈ ಪಾಲಿಡ್ಯೂಸೀಸನೇ.

ಕಪ್ಪು ಆಕೃತಿಯ ಈ ಶೈಲಿಯಲ್ಲಿ ನುಣ್ಣನೆಯ ಮಣ್ಣಿನ ತಿಳಿಯಿಂದ ಆಕೃತಿ ತುಂಬಿ, ಚೂಪಾದ ಮೊನೆಯಿಂದ ಗೆರೆ ಕೊರೆಯುತ್ತಿದ್ದರು. ಸುಟ್ಟ ಮೇಲೆ ತಿಳಿ ಕಪ್ಪಾಗುತ್ತದೆ, ಗೆರೆಯೊಳಗೆ ಮಡಕೆಯ ಕೆಂಪು ಕಾಣುತ್ತದೆ. ನನ್ನ ಹತ್ತಿರ ಭಟ್ಟಿ ಇಲ್ಲ. ದಪ್ಪ ರಟ್ಟಿಗೆ ಇಟ್ಟಿಗೆ ಬಣ್ಣದ ಕ್ರೇಯಾನ್ ತಿಕ್ಕಿ, ಅದರ ಮೇಲೆ ಒಂದು ಹನಿ ಪಾತ್ರೆ ಸೋಪು ಬೆರೆಸಿದ ಕಪ್ಪು ಪೋಸ್ಟರ್ ಕಲರ್ ಹಚ್ಚಿ, ಕೈವಾರದ ಮುಳ್ಳಿನಿಂದ ಕೆರೆಯುತ್ತಿದ್ದೇನೆ. ಮೊದಲ ಸಲ ಬಣ್ಣ ದಪ್ಪವಾಗಿ, ಕೊರೆಯುತ್ತಿದ್ದಂತೆ ಕುದುರೆಯ ಜೂಲು ಹೆಕ್ಕಳಿಕೆ ಎದ್ದು ಉದುರಿಹೋಯಿತು. ಎರಡನೇ ಸಲ ತೆಳುವಾಗಿ ಎರಡು ಕೈ ಹಚ್ಚಿದೆ. ಈಗ ಕೂದಲೆಳೆಯಂಥ ಗೆರೆಯೂ ನಿಲ್ಲುತ್ತಿದೆ.

ಅವಳಿಗಳೆಂದರೆ ರೋಮಿನ ದಿನಾರಿ ನಾಣ್ಯದಲ್ಲಿ ಭರ್ಚಿ ಹಿಡಿದು ಕುದುರೆ ಓಡಿಸುತ್ತಾರೆ, ಟೋಪಿಯ ಮೇಲೆ ನಕ್ಷತ್ರ ಹೊಳೆಯುತ್ತದೆ. (ಆಕಾಶದಲ್ಲಿ ಅವರ ಹೆಸರು ಹೊತ್ತ ಎರಡು ತಾರೆಗಳು ನಮ್ಮ ಪುನರ್ವಸು.) ಎಕ್ಸೆಕಿಯಾಸನಲ್ಲಿ ಅದೊಂದೂ ಇಲ್ಲ. ಪಾಲಿಡ್ಯೂಸೀಸ್ ಬಗ್ಗಿದ್ದಾನೆ, ನಾಯಿ ಅವನ ಮೈಮೇಲೆ ಹಾರುತ್ತಿದೆ. ತಂದೆ ಟಿಂಡಾರಿಯಸ್ ಕುದುರೆಯ ಮೂತಿ ಸವರುತ್ತಿದ್ದಾನೆ. ತಾಯಿ ಲೀಡಾಳ ಕೈಯಲ್ಲಿ ಹೂವು. ಒಬ್ಬ ಪುಟ್ಟ ಹುಡುಗ ತಲೆಯ ಮೇಲೆ ಪೀಠ, ಅದರ ಮೇಲೆ ಮಡಿಸಿದ ಬಟ್ಟೆ ಹೊತ್ತು, ಎಣ್ಣೆ ಕುಡಿಕೆ ಹಿಡಿದು ಬಂದಿದ್ದಾನೆ. ದಣಿದು ಬಂದವರಿಗೆ ಎಣ್ಣೆ ಹಚ್ಚಿಕೊಳ್ಳಲು, ಬಟ್ಟೆ ಬದಲಿಸಲು, ಕೂರಲು ಎಲ್ಲ ಸಿದ್ಧ.

ಕೊರೆಯುತ್ತ ಕೂತಾಗ ಒಂದು ವಿಷಯ ಹೊಳೆಯಿತು. ಟ್ರಾಯ್ ಯುದ್ಧದ ಗ್ರೀಕ್ ಮಹಾಕಾವ್ಯ ಇಲಿಯಡ್‌ನ ಮೂರನೇ ಸರ್ಗದಲ್ಲಿ ಹೆಲೆನ್ ಟ್ರಾಯ್ ಕೋಟೆಯ ಮೇಲೆ ನಿಂತು ಗ್ರೀಕರ ಸೇನೆಯಲ್ಲಿ ತನ್ನ ಈ ಅಣ್ಣಂದಿರನ್ನೇ ಹುಡುಕುತ್ತಾಳೆ. ಅವರು ಆಗಲೇ ಸತ್ತು ತವರಿನ ಮಣ್ಣು ಸೇರಿದ್ದು ಅವಳಿಗೆ ಗೊತ್ತಿಲ್ಲ. ಒಂದೇ ಜಾಡಿಯ ಒಂದು ಮೈಗೆ ಆ ಯುದ್ಧದ ವೀರರು, ಇನ್ನೊಂದು ಮೈಗೆ ಅಲ್ಲಿಗೆ ಬರಲಾಗದೇ ಹೋದವರು ಮನೆ ಸೇರಿದ ಗಳಿಗೆ. ಎಕ್ಸೆಕಿಯಾಸ್ ಇದನ್ನು ಬೇಕೆಂದೇ ಜೋಡಿಸಿದ ಎಂದೇ ನನಗನ್ನಿಸುತ್ತದೆ. ಆ ಸಂಜೆ ನಾಯಿಯ ಬಾಲ ಕೊರೆಯುವಾಗ ಕೈ ತುಂಬ ನಿಧಾನವಾಯಿತು.

ಉಳಿದಿರುವುದು ಲೀಡಾ ಮತ್ತು ಆ ಹುಡುಗ. ಹೆಂಗಸರ ಮೈಗೆ ಬಿಳಿ ಹಚ್ಚುವುದು ಈ ಶೈಲಿಯ ವಾಡಿಕೆ. ಕ್ರೇಯಾನಿನ ಮೇಣದ ಮೇಲೆ ಬಿಳಿ ಹಿಡಿಯುತ್ತದೋ ಇಲ್ಲವೋ, ನಾಳೆ ಬೇರೆ ರಟ್ಟಿನ ಮೇಲೆ ಹಚ್ಚಿ ನೋಡಬೇಕು.