ಜೆಲ್‌ನಲ್ಲಿ ಉಳಿಯುವ ಪ್ರೋಟೀನಿನ ಅಚ್ಚು

ರಕ್ತದಲ್ಲಿರುವ ನೂರಾರು ಪ್ರೋಟೀನುಗಳಲ್ಲಿ ಒಂದನ್ನು ಮಾತ್ರ ಹೆಕ್ಕಿ ತೆಗೆಯಲು ಸಾಮಾನ್ಯವಾಗಿ ಪ್ರತಿಕಾಯಗಳನ್ನು ಬಳಸುತ್ತಾರೆ. ಅವು ತಮ್ಮ ಗುರಿಯನ್ನು ಚೆನ್ನಾಗಿ ಗುರುತಿಸುತ್ತವೆ, ಆದರೆ ತಯಾರಿಕೆ ದುಬಾರಿ, ಮತ್ತು ಶಾಖಕ್ಕೋ ಆಮ್ಲಕ್ಕೋ ಸಿಕ್ಕರೆ ಬೇಗ ಕೆಡುತ್ತವೆ. ಇದೇ ಕೆಲಸವನ್ನು ಒಂದು ಸಾದಾ ಪಾಲಿಮರ್ ಜೆಲ್‌ನಿಂದ ಮಾಡಿಸಬಹುದು ಎಂಬ ಅಣು ಅಚ್ಚಿನ ಕಲ್ಪನೆ ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿದೆ.

ಹಿಮೋಗ್ಲೋಬಿನನ್ನೇ ತೆಗೆದುಕೊಳ್ಳೋಣ. ಅದನ್ನು ಅಕ್ರಿಲಮೈಡ್ ಮತ್ತು ಅದರ ಸರಪಳಿಗಳನ್ನು ಬಲೆಯಾಗಿ ಹೆಣೆಯುವ ಮೆಥಿಲೀನ್ ಬಿಸ್‌ಅಕ್ರಿಲಮೈಡ್ ದ್ರಾವಣದಲ್ಲಿ ಕಲಸಿದಾಗ ಮಾನೋಮರ್‌ಗಳು, ಅಂದರೆ ಪಾಲಿಮರ್ ಆಗಿ ಜೋಡಿಕೊಳ್ಳುವ ಈ ಸಣ್ಣ ಅಣುಗಳು, ಪ್ರೋಟೀನಿನ ಮೈಸುತ್ತ ಹೈಡ್ರೋಜನ್ ಬಂಧಗಳಿಂದ ನೆಲೆಯಾಗುತ್ತವೆ. ಅದೇ ಸ್ಥಿತಿಯಲ್ಲಿ ಜೆಲ್ ಹೆಪ್ಪುಗಟ್ಟಿಸಿ, ಜರಡಿಯಲ್ಲಿ ಒತ್ತಿ ಸಣ್ಣ ಕಾಳುಗಳಾಗಿಸಿ, ಎಸ್‌ಡಿಎಸ್ ಎಂಬ ಸಾಬೂನಿನಂಥ ವಸ್ತು ಮತ್ತು ಅಸಿಟಿಕ್ ಆಮ್ಲದಿಂದ ತೊಳೆದರೆ ಪ್ರೋಟೀನು ಹೊರಬಿದ್ದು ಅದರ ಆಕಾರದ ಕುಳಿ ಅಚ್ಚಾಗಿ ಉಳಿಯಬೇಕು; ಮುಂದೆ ಅದೇ ಪ್ರೋಟೀನು ಸಿಕ್ಕಾಗ ಅದನ್ನು ಹಿಡಿಯಬೇಕು. ಸ್ವೀಡನ್ನಿನ ಜೀವರಸಾಯನ ವಿಜ್ಞಾನಿ ಸ್ಟೆಲ್ಲನ್ ಯೆರ್ಟೇನ್ ಮತ್ತು ಸಂಗಡಿಗರು 1990ರ ದಶಕದಲ್ಲೇ ಪಾಲಿಅಕ್ರಿಲಮೈಡ್ ಜೆಲ್‌ಗಳಲ್ಲಿ ಈ ದಾರಿ ತೋರಿಸಿದರು.

ಕಷ್ಟ ಇರುವುದು ಬಲೆಯ ಬಿಗಿಯಲ್ಲಿ. ಸಣ್ಣ ಅಣುಗಳಿಗೆ ಅಚ್ಚು ಮಾಡುವಾಗ ಪಾಲಿಮರನ್ನು ಕಲ್ಲಿನಷ್ಟು ಗಟ್ಟಿಯಾಗಿ ಹೆಣೆಯಬಹುದು, ಏಕೆಂದರೆ ಅವು ಹೇಗೋ ನುಸುಳಿ ಹೊರಬರುತ್ತವೆ. ಸುಮಾರು 5 ನ್ಯಾನೋಮೀಟರ್ ಅಗಲದ ಹಿಮೋಗ್ಲೋಬಿನ್ ಅಂಥ ಬಲೆಯಲ್ಲಿ ಶಾಶ್ವತವಾಗಿ ಸೆರೆಯಾಗುತ್ತದೆ. ಹೆಣಿಗೆಯನ್ನು ಸಡಿಲಿಸಿದರೆ ಪ್ರೋಟೀನು ಓಡಾಡಬಲ್ಲದು, ಆದರೆ ನೀರು ಹೀರಿ ಉಬ್ಬುವ ಮೆತ್ತನೆಯ ಜೆಲ್‌ನಲ್ಲಿ ಅಚ್ಚು ತನ್ನ ಆಕಾರವನ್ನು ಎಷ್ಟರಮಟ್ಟಿಗೆ ಕಾಯ್ದುಕೊಂಡೀತು? ಇದರ ಜೊತೆಗೆ ನೀರು ತಾನೇ ಹೈಡ್ರೋಜನ್ ಬಂಧಗಳಿಗೆ ಪೈಪೋಟಿ ನೀಡುತ್ತದೆ, ಮಾನೋಮರ್‌ಗಳ ಸಹವಾಸದಲ್ಲೇ ಪ್ರೋಟೀನಿನ ಮಡಿಕೆ ಸ್ವಲ್ಪ ಬದಲಾಗಲೂಬಹುದು. ಹಾಗಾದಾಗ ಜೆಲ್ ನೆನಪಿಟ್ಟುಕೊಳ್ಳುವುದು ರಕ್ತದಲ್ಲಿ ಇಲ್ಲದ ಒಂದು ರೂಪವನ್ನು.

ಆದ್ದರಿಂದ ಅಚ್ಚಿನ ಜೆಲ್ ರಕ್ತದ ಇನ್ನೊಂದು ಪ್ರೋಟೀನಾದ ಆಲ್ಬುಮಿನನ್ನು ಬಿಟ್ಟು ಹಿಮೋಗ್ಲೋಬಿನನ್ನು ಹಿಡಿಯಿತು ಎಂಬ ಫಲಿತಾಂಶವನ್ನು ಓದುವಾಗ ನಾನು ಅಲ್ಲಿಗೇ ನಿಲ್ಲುವುದಿಲ್ಲ. ಎರಡರ ತೂಕ ಹೆಚ್ಚುಕಡಿಮೆ ಒಂದೇ, ಅಣುತೂಕದ ಮಾನದಲ್ಲಿ ಸುಮಾರು 65 ಕಿಲೋಡಾಲ್ಟನ್. ಹಾಗಾಗಿ ಗಾತ್ರದ ಜರಡಿಯಿಂದ ಅವು ಬೇರೆಯಾಗಲಿಲ್ಲ ಎಂಬುದು ನಿಜ. ಆದರೆ ರಕ್ತದ ಪಿಎಚ್ 7.4ರಲ್ಲಿ ಆಲ್ಬುಮಿನ್‌ಗೆ ಗಣನೀಯ ಋಣ ವಿದ್ಯುದಂಶವಿದ್ದರೆ ಹಿಮೋಗ್ಲೋಬಿನ್ ಹೆಚ್ಚುಕಡಿಮೆ ತಟಸ್ಥವಾಗಿರುತ್ತದೆ. ತೊಳೆದ ನಂತರವೂ ಜೆಲ್‌ನಲ್ಲಿ ಉಳಿದಿರುವ ಋಣಾತ್ಮಕ ಎಸ್‌ಡಿಎಸ್ ಒಂದೇ ಸಾಕಾಗಬಹುದು, ಆಲ್ಬುಮಿನನ್ನು ದೂರ ತಳ್ಳಲು. ಪ್ರೋಟೀನು ಬೆರೆಸದೆ ಮಾಡಿದ, ಅಚ್ಚಿಲ್ಲದ ಹೋಲಿಕೆಯ ಜೆಲನ್ನೂ ಅದೇ ದ್ರಾವಣದಲ್ಲಿ, ಅಷ್ಟೇ ಹೊತ್ತು ತೊಳೆಯದಿದ್ದರೆ, ಕಂಡ ವ್ಯತ್ಯಾಸ ಅಚ್ಚಿನದೋ ಸಾಬೂನಿನದೋ ಹೇಳಲಾಗದು. ಸಣ್ಣ ವಿವರವೆಂದು ಬಿಟ್ಟುಬಿಡುವಂಥದ್ದಲ್ಲ ಇದು. ಇಡೀ ವಾದ ಇದರ ಮೇಲೆಯೇ ನಿಂತಿದೆ.

ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವಾದ ಸೀರಮ್ ಇನ್ನೂ ಕಠಿಣ ಪರೀಕ್ಷೆ. ಅದರಲ್ಲಿ ಲೀಟರಿಗೆ 35ರಿಂದ 50 ಗ್ರಾಂ ಆಲ್ಬುಮಿನ್ ಇರುತ್ತದೆ; ಅಷ್ಟು ದಟ್ಟಣೆಯಲ್ಲಿ ತೀರ ದುರ್ಬಲವಾಗಿ ಅಂಟುವ ಪ್ರೋಟೀನು ಕೂಡ ಜೆಲ್‌ನ ಮೈಯನ್ನು ತುಂಬಿಬಿಡಬಲ್ಲದು. ಇಡೀ ಪ್ರೋಟೀನಿನ ಬದಲು ಅದರ ಒಂದು ಚಿಕ್ಕ ಪೆಪ್ಟೈಡ್ (ಅಮೈನೋ ಆಮ್ಲಗಳ ಗಿಡ್ಡ ಸರಪಳಿ) ತುಣುಕಿಗೆ ಅಚ್ಚು ಮಾಡುವುದು, ಅಚ್ಚನ್ನು ಜೆಲ್‌ನ ಮೇಲ್ಮೈಯಲ್ಲಷ್ಟೇ ಮೂಡಿಸುವುದು ಮುಂತಾದ ಪರಿಹಾರಗಳು ಬಂದಿವೆ. ಜೇನ್ನೊಣದ ವಿಷದಲ್ಲಿರುವ ಮೆಲಿಟಿನ್‌ಗಾಗಿ ಅಚ್ಚೊತ್ತಿದ ನ್ಯಾನೋಕಣಗಳು ಜೀವಂತ ಇಲಿಗಳ ರಕ್ತದಲ್ಲಿ ಆ ವಿಷವನ್ನು ಹಿಡಿದದ್ದನ್ನು 2010ರಲ್ಲಿ ಪ್ರಕಟಿಸಿದಾಗ ಈ ಕ್ಷೇತ್ರಕ್ಕೆ ನಿಜವಾದ ಧೈರ್ಯ ಬಂತು. ಆದರೆ ಮೆಲಿಟಿನ್ ಕೇವಲ 26 ಅಮೈನೋ ಆಮ್ಲಗಳ ಪೆಪ್ಟೈಡ್, ಮಡಿಚಿಕೊಂಡ ದೊಡ್ಡ ಪ್ರೋಟೀನಲ್ಲ.

ನಾನು ಮೊದಲು ನೋಡಬಯಸುವುದು ಅದಲುಬದಲು ಪರೀಕ್ಷೆಯನ್ನು: ಹಿಮೋಗ್ಲೋಬಿನ್‌ಗೆ ಒಂದು, ಆಲ್ಬುಮಿನ್‌ಗೆ ಇನ್ನೊಂದು ಜೆಲ್ ಮಾಡಿ, ಎರಡನ್ನೂ ಒಂದೇ ರೀತಿ ತೊಳೆದು, ಎರಡೂ ಪ್ರೋಟೀನುಗಳಿರುವ ಒಂದೇ ಮಿಶ್ರಣದಲ್ಲಿ ಅದ್ದಿದಾಗ, ಪ್ರತಿ ಜೆಲ್ ತನ್ನದನ್ನೇ ಹೆಚ್ಚಾಗಿ ಹಿಡಿಯುತ್ತದೆಯೇ ಎಂಬುದನ್ನು.