ಹೈವೇ 99ರಿಂದ ಮತ ಎಣಿಕೆಯ ಕೋಣೆಯವರೆಗೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆಯ ಕನ್ನಡಿಗರಿಗೆ ಮನೆಯ ಸುತ್ತಮುತ್ತ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಚುನಾವಣೆಯ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಅಲ್ಲಿ ಡೆಮಾಕ್ರಟಿಕ್ ಪಕ್ಷ ಗೆಲ್ಲುವುದು ಮೊದಲೇ ಗೊತ್ತಿರುತ್ತದೆ. ಇಂಟರ್‌ಸ್ಟೇಟ್ 580 ಹಿಡಿದು ಆಲ್ಟಮಾಂಟ್ ಪಾಸ್‌ನ ಗಾಳಿಯಂತ್ರಗಳನ್ನು ದಾಟಿ ಸೆಂಟ್ರಲ್ ವ್ಯಾಲಿ ಎಂಬ ಕೃಷಿ ಕಣಿವೆಗೆ ಇಳಿದರೆ ಚಿತ್ರವೇ ಬೇರೆ. 2024ರಲ್ಲಿ ಕ್ಯಾಲಿಫೋರ್ನಿಯಾದ 52 ಕ್ಷೇತ್ರಗಳ ಪೈಕಿ ಜಿದ್ದಾಜಿದ್ದಿ ಇದ್ದದ್ದು ಬೆರಳೆಣಿಕೆಯಷ್ಟರಲ್ಲಿ. ಅವುಗಳಲ್ಲಿ ನಾಲ್ಕನ್ನು ಮಾಡೆಸ್ಟೊದಿಂದ ದಕ್ಷಿಣಕ್ಕೆ ಒಂದೇ ಓಟದಲ್ಲಿ ನೋಡಬಹುದು.

ಹೊರಡಲು ಒಳ್ಳೆಯ ಸಮಯ ಅಕ್ಟೋಬರ್. ಚುನಾವಣೆಗೆ 29 ದಿನ ಮೊದಲೇ ನೋಂದಾಯಿತ ಮತದಾರರಿಗೆಲ್ಲ ಮತಪತ್ರ ಅಂಚೆಗೆ ಬಿದ್ದಿರುತ್ತದೆ. ನವೆಂಬರ್ ಬಂತೆಂದರೆ ಹೈವೇ 99ರ ಮೇಲೆ ಟೂಲಿ ಮಂಜು ಕವಿಯಬಹುದು. ಮುಂದಿನ ಲಾರಿಯ ಹಿಂಬದಿ ದೀಪವೂ ಕಾಣದ ದಿನಗಳಿರುತ್ತವೆ. ಆಗ ಬೆಳಗ್ಗೆ ಹತ್ತರ ನಂತರ ಹೊರಡುವುದೇ ಕ್ಷೇಮ.

ಬಾದಾಮಿ ತೋಟಗಳ ಬೇಲಿಗೆ ಕಟ್ಟಿದ ಪ್ರಚಾರ ಫಲಕಗಳನ್ನು ಗಮನಿಸಿ. ದೊಡ್ಡವೆಲ್ಲ ಸುಮಾರಾಗಿ ಒಂದೇ ಅಳತೆ: ನಾಲ್ಕಡಿ, ಎಂಟಡಿ. ಪ್ಲೈವುಡ್‌ನ ಒಂದು ಪೂರ್ತಿ ಹಾಳೆ. ರಾಜ್ಯ ಹೆದ್ದಾರಿಯ ಪಕ್ಕದ ತಾತ್ಕಾಲಿಕ ರಾಜಕೀಯ ಫಲಕ 32 ಚದರಡಿ ಮೀರುವಂತಿಲ್ಲ. ಚುನಾವಣೆಗೆ 90 ದಿನಕ್ಕಿಂತ ಮೊದಲು ನಿಲ್ಲಿಸುವಂತಿಲ್ಲ, ಮುಗಿದ 10 ದಿನದೊಳಗೆ ತೆಗೆಯಬೇಕು.

ಮರ್ಸೆಡ್, ಲಿವಿಂಗ್‌ಸ್ಟನ್, ಮಡೆರಾ ಊರುಗಳು 13ನೇ ಕ್ಷೇತ್ರಕ್ಕೆ ಸೇರಿದ್ದವು. ಲಿವಿಂಗ್‌ಸ್ಟನ್‌ನಲ್ಲಿ ಪಂಜಾಬಿ ರೈತರ ದೊಡ್ಡ ನೆಲೆಯಿದೆ. ರಿಪಬ್ಲಿಕನ್ ಜಾನ್ ಡುವಾರ್ಟೆ ನರ್ಸರಿ ನಡೆಸುವ ಕೃಷಿಕ. ಡೆಮಾಕ್ರಟ್ ಆಡಮ್ ಗ್ರೇ ಮರ್ಸೆಡ್‌ನವರು, ರಾಜ್ಯ ಅಸೆಂಬ್ಲಿಯ ಮಾಜಿ ಸದಸ್ಯ. ಕಣಿವೆಗೆ ನೀರು ಬೇಕೆಂಬ ವಿಷಯದಲ್ಲಿ ಇಬ್ಬರದೂ ಒಂದೇ ದನಿ. ಹಾಗಾಗಿ ಮತದಾರನಿಗೆ ಆಯ್ಕೆ ಸುಲಭವಾಗಿರಲಿಲ್ಲ. 2022ರಲ್ಲಿ ಡುವಾರ್ಟೆ 564 ಮತಗಳಿಂದ ಗೆದ್ದರು. 2024ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮತ ಬಿದ್ದಾಗ ಗ್ರೇ ಗೆದ್ದದ್ದು ಬರೀ 187ರಿಂದ.

ಹೈವೇ 198ರಲ್ಲಿ ಪಶ್ಚಿಮಕ್ಕೆ ತಿರುಗಿದರೆ ಹ್ಯಾನ್‌ಫರ್ಡ್, ರಿಪಬ್ಲಿಕನ್ ಹೈನುಗಾರ ಡೇವಿಡ್ ವಲಡಾವೊ ಅವರ ಊರು. 2018ರಲ್ಲಿ 862 ಮತಗಳಿಂದ ಸೋತು 2020ರಲ್ಲಿ ಮರಳಿದವರು. 2024ರಲ್ಲಿ ಡೆಮಾಕ್ರಟ್ ರೂಡಿ ಸಾಲಸ್ ಎದುರು ಅವರು ನಿರಾಳವಾಗಿ ಗೆದ್ದರು. ಬೇಕರ್ಸ್‌ಫೀಲ್ಡ್ ಆಚೆ ಟೆಹೋನ್ ಪಾಸ್ ಏರಿ ಇಳಿದರೆ ಸಾಂಟಾ ಕ್ಲಾರಿಟಾ. ಈ 27ನೇ ಕ್ಷೇತ್ರ ಮಾಜಿ ನೌಕಾಪಡೆ ಪೈಲಟ್, ರಿಪಬ್ಲಿಕನ್ ಮೈಕ್ ಗಾರ್ಸಿಯಾ ಅವರಿಂದ ನಾಸಾದಲ್ಲಿದ್ದ ಡೆಮಾಕ್ರಟ್ ಜಾರ್ಜ್ ವೈಟ್‌ಸೈಡ್ಸ್ ಅವರ ಕೈಗೆ ಹೋಯಿತು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು 45ನೇ ಕ್ಷೇತ್ರದಲ್ಲಿ. ವೆಸ್ಟ್‌ಮಿನ್‌ಸ್ಟರ್‌ನ ಬೋಲ್ಸಾ ಅವೆನ್ಯೂ ಲಿಟಲ್ ಸೈಗಾನ್‌ನ ಮುಖ್ಯ ಬೀದಿ. ಹಳೆಯ ದಕ್ಷಿಣ ವಿಯೆಟ್ನಾಂನ ಹಳದಿ ಬಾವುಟ, ವಿಯೆಟ್ನಾಮೀ ಫಲಕಗಳು. ಆರೆಂಜ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಮತಪತ್ರವೂ ಆ ಭಾಷೆಯಲ್ಲಿ ಸಿಗುತ್ತದೆ. ಕೊರಿಯಾದ ಸೋಲ್‌ನಲ್ಲಿ ಹುಟ್ಟಿದ ರಿಪಬ್ಲಿಕನ್ ಮಿಶೆಲ್ ಸ್ಟೀಲ್ ವಿರುದ್ಧ ವಿಯೆಟ್ನಾಂ ನಿರಾಶ್ರಿತರ ಮಗ, ಡೆಮಾಕ್ರಟ್ ಡೆರೆಕ್ ಟ್ರಾನ್ 653 ಮತಗಳಿಂದ ಗೆದ್ದರು. ಊಟಕ್ಕೆ ಆರ್ಟೀಸಿಯಾದ ಪಯೋನಿಯರ್ ಬುಲೆವಾರ್ಡ್‌ಗೆ ಹೋಗಿ: ಸೀರೆ ಅಂಗಡಿ, ಚಿನ್ನದಂಗಡಿ, ಸಸ್ಯಾಹಾರಿ ಹೋಟೆಲುಗಳ ಬೀದಿ. ಅದೂ ಇದೇ ಕ್ಷೇತ್ರದಲ್ಲಿತ್ತು, ಆದರೆ ಲಾಸ್ ಏಂಜಲೀಸ್ ಕೌಂಟಿಗೆ ಸೇರಿದ್ದು. ಎರಡು ಕೌಂಟಿಗಳ ಎಣಿಕೆಯನ್ನು ಕೂಡಿಸದೆ ಮುನ್ನಡೆ ಯಾರದೆಂದು ಹೇಳಲಾಗದು.

ಮತಗಟ್ಟೆಯ 100 ಅಡಿಯೊಳಗೆ ಅಭ್ಯರ್ಥಿಯ ಹೆಸರಿರುವ ಟೋಪಿ, ಬ್ಯಾಡ್ಜ್ ಹಾಕಿಕೊಂಡು ಹೋಗಬೇಡಿ. ವೀಸಾದ ಮೇಲೆ ಬಂದವರು ಪ್ರಚಾರ ಕಚೇರಿಯಲ್ಲಿ ನೆನಪಿಗೆಂದು ಟೀ ಶರ್ಟ್ ಕೊಳ್ಳುವಂತಿಲ್ಲ. ಆ ಹಣ ದೇಣಿಗೆಯ ಲೆಕ್ಕಕ್ಕೆ ಹೋಗುತ್ತದೆ, ವಿದೇಶಿಯರ ದೇಣಿಗೆಗೆ ನಿಷೇಧವಿದೆ. ಗ್ರೀನ್ ಕಾರ್ಡ್ ಇದ್ದವರು ದೇಣಿಗೆ ಕೊಡಬಹುದು, ಮತ ಹಾಕುವಂತಿಲ್ಲ. ಡಿಎಂವಿಯ (ವಾಹನ ಪರವಾನಗಿ ಇಲಾಖೆ) ಅರ್ಜಿಯಲ್ಲಿ ಮತದಾರರ ನೋಂದಣಿಯ ಪ್ರಶ್ನೆಯನ್ನು ಓದದೆ ಗುರುತು ಹಾಕಿದರೆ ಪೌರತ್ವಕ್ಕೇ ಕುತ್ತು ಬರಬಹುದು.

ಇಷ್ಟೆಲ್ಲ ನೋಡಿದ ಮೇಲೂ, ಈ ಪ್ರವಾಸದ ತಿರುಳು ಇರುವುದು ಮತದಾನ ಮುಗಿದ ನಂತರದ ವಾರಗಳಲ್ಲಿ ಎಂದೇ ನಮ್ಮ ಅಭಿಪ್ರಾಯ. ಜಯನಗರದಲ್ಲಿ 2023ರಲ್ಲಿ 16 ಮತಗಳ ಅಂತರವಿದ್ದಾಗಲೂ ಫಲಿತಾಂಶ ಎಣಿಕೆಯ ದಿನದ ನಡುರಾತ್ರಿಯ ಹೊತ್ತಿಗೆ ಬಂದಿತ್ತು. ಇಲ್ಲಿ 2024ರ ನವೆಂಬರ್ 5ರ ಮತದಾನಕ್ಕೆ ಡುವಾರ್ಟೆ ಸೋಲೊಪ್ಪಿದ್ದು ಡಿಸೆಂಬರ್ 3ರಂದು. ಮತದಾನದ ದಿನದೊಳಗೆ ಅಂಚೆ ಮುದ್ರೆ ಬಿದ್ದ ಲಕೋಟೆ ಏಳು ದಿನದೊಳಗೆ ತಲುಪಿದರೂ ಸ್ವೀಕೃತ. ಪ್ರತಿ ಲಕೋಟೆಯ ಮೇಲಿನ ಸಹಿಯನ್ನು ದಾಖಲೆಯ ಸಹಿಯೊಂದಿಗೆ ತಾಳೆ ನೋಡಬೇಕು. ತೊಡಕುಗಳು ಸಣ್ಣವು: ಗಂಡನ ಲಕೋಟೆಗೆ ಹೆಂಡತಿ ಸಹಿ ಹಾಕಿರುತ್ತಾರೆ, ಸಹಿ ಹಾಕುವುದೇ ಮರೆತಿರುತ್ತದೆ, ಡಿಎಂವಿಯ ಗಾಜಿನ ಪಟ್ಟಿಯ ಮೇಲೆ ಗೀಚಿದ ಸಹಿಗೂ ಕಾಗದದ ಸಹಿಗೂ ಹೋಲಿಕೆ ಇರುವುದಿಲ್ಲ. ಅಂಥ ಮತವನ್ನು ತಳ್ಳಿಹಾಕುವ ಮುನ್ನ ಕೌಂಟಿ ಮತದಾರನಿಗೆ ಪತ್ರ ಬರೆದು ಸರಿಪಡಿಸಲು ಅವಕಾಶ ಕೊಡಲೇಬೇಕು. ಆ ದಿನಗಳಲ್ಲಿ ಎರಡೂ ಪಕ್ಷಗಳ ಸ್ವಯಂಸೇವಕರು ಇಂಥ ಮತದಾರರ ಮನೆ ಬಾಗಿಲು ತಟ್ಟುತ್ತಾರೆ. 187ರ ಅಂತರದಲ್ಲಿ ಒಂದೊಂದು ಸಹಿಗೂ ಬೆಲೆಯಿದೆ.

ಈ ಕೆಲಸ ಸಾರ್ವಜನಿಕರಿಗೆ ಮುಕ್ತ. ಸ್ಯಾಂಟಾ ಆನಾದಲ್ಲಿರುವ ಆರೆಂಜ್ ಕೌಂಟಿ ರಿಜಿಸ್ಟ್ರಾರ್ (ಚುನಾವಣಾ ಅಧಿಕಾರಿ) ಕಚೇರಿಗೆ ಹೋಗಿ ಹೆಸರು ಬರೆಸಿ, ಗುರುತಿಸಿದ ಜಾಗದಲ್ಲಿ ನಿಂತು ನೋಡಬಹುದು, ಏನನ್ನೂ ಮುಟ್ಟುವಂತಿಲ್ಲ. ಅಂತರ ಕೂದಲೆಳೆಯಷ್ಟಿದ್ದರೂ ಮರುಎಣಿಕೆ ತಾನಾಗಿ ನಡೆಯುವುದಿಲ್ಲ. ಕೇಳಿದ ಮತದಾರನೇ ಖರ್ಚು ಕಟ್ಟಬೇಕು.

2026ಕ್ಕೆ ಹೊರಡುವವರು ಹಳೆಯ ನಕ್ಷೆ ನಂಬಬೇಡಿ. 2025ರ ನವೆಂಬರ್‌ನಲ್ಲಿ ಮತದಾರರು ಪ್ರಾಪೊಸಿಷನ್ 50 ಎಂಬ ಜನಮತದ ಪ್ರಸ್ತಾವವನ್ನು ಒಪ್ಪಿದ್ದರಿಂದ ಕ್ಷೇತ್ರಗಳ ಗಡಿ ಬದಲಾಗಿದೆ; 2026, 2028, 2030ಕ್ಕೆ ಹೊಸ ನಕ್ಷೆಯೇ ಅನ್ವಯ.